ಬಿಸಿಲಿದ್ದಾಗ ಮಾತ್ರ ಇಸ್ತ್ರಿ

ಒದ್ದೆ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಹರಿದಾಡುವಾಗ ಏಳುತ್ತಿದ್ದ ವಾಸನೆ ಅವಳಿಗೆ ಇಂದಿಗೂ ನೆನಪಿದೆ. ಅರ್ಧ ಹೊಗೆ, ಅರ್ಧ ಮಳೆ. ಅಪ್ಪ ಇದ್ದಿಲು ಹೊತ್ತಿಸುತ್ತಿದ್ದುದು ದಿನಕ್ಕೊಮ್ಮೆ ಮಾತ್ರ. ಅದಕ್ಕೇ ಹಿಂದಿನ ಸಂಜೆಯೇ ಬಟ್ಟೆಗೆಲ್ಲ ನೀರು ಚಿಮುಕಿಸಿ, ಬಿಗಿಯಾಗಿ ಸುರುಳಿ ಸುತ್ತಿಡುತ್ತಿದ್ದ. ಮರುದಿನ ಪೆಟ್ಟಿಗೆ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು.

ಅಪ್ಪನ ಅಂಗಡಿ ಈಗ ಅವಳದು, ಪೆಟ್ಟಿಗೆ ಕರೆಂಟಿನದು. ಈ ವರ್ಷ ಕರೆಂಟಿಗೆ ಹೊತ್ತಿಗೊಂದು ದರ ಬಂದಾಗ ಅವಳಿಗೆ ಆ ಸುರುಳಿಗಳು ನೆನಪಾದವು. ಊರಾಚೆಯ ಬಯಲ ತುಂಬ ಸೋಲಾರ್ ಫಲಕಗಳೆದ್ದಿದ್ದವು. ಹಗಲು ಹನ್ನೊಂದರಿಂದ ಮೂರರವರೆಗೆ ಕರೆಂಟು ಅಗ್ಗ, ಸಂಜೆ ಆರರ ಮೇಲೆ ಅದರ ಮೂರು ಪಟ್ಟು. ಇಸ್ತ್ರಿಯವರು ದುಡಿಯುವುದೇ ಸಂಜೆ. ಬೀದಿಯ ಉಳಿದ ಅಂಗಡಿಯವರು ಗೊಣಗುತ್ತ ರೇಟು ಏರಿಸಿದರು. ಅವಳು ಬಾಗಿಲಿಗೆ ಹಲಗೆ ತೂಗುಹಾಕಿದಳು: 'ಬಿಸಿಲಿದ್ದಾಗ ಮಾತ್ರ ಇಸ್ತ್ರಿ. ರೇಟು ಹಳೆಯದೇ.'

"ಮೋಡ ಬಂದ್ರೆ ಹೊದ್ಕೊಂಡು ಮಲಗೋದಾ ಅತ್ತಿಗೆ?" ನಾದಿನಿ ನಕ್ಕಳು.

"ಮೋಡಕ್ಕೂ ಮೀಟರಿಗೂ ಮಾತಿಲ್ಲ ಕಣೇ. ಮೀಟರು ಗಡಿಯಾರ ನೋಡುತ್ತೆ. ನೀನು ನೀರು ಚಿಮುಕಿಸು."

ದೊಡ್ಡ ಗಿರಾಕಿಯೆಂದರೆ ಎದುರಿನ ಹೋಟೆಲು. ಅಡುಗೆಯವರ ಬಿಳಿ ಕೋಟುಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಅದು ಕೈಬಿಟ್ಟರೆ ಅಂಗಡಿ ಮುಚ್ಚಿದ ಹಾಗೆಯೇ.

ಮೊದಲ ವಾರವೇ ಎಡವಟ್ಟಾಯಿತು. ಸುರುಳಿ ಬಿಚ್ಚಿದರೆ ಒಂಬತ್ತು ಕೋಟುಗಳ ಎದೆಯುದ್ದಕ್ಕೂ ಕಂದು ಚುಕ್ಕಿ. ಅಪ್ಪನ ಕಾಲದವು ಚಿಪ್ಪಿನ ಗುಂಡಿಗಳು. ಇವು ಲೋಹದವು, ತೇವಕ್ಕೆ ತುಕ್ಕು ಬಿಟ್ಟಿದ್ದವು. ಅವಳು ಕೋಟುಗಳನ್ನು ತಾನೇ ಹೊತ್ತುಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲೆ ಹರಡಿದಳು.

"ನಿನ್ನ ಬಿಸಿಲಿನ ಹುಚ್ಚು ನಮ್ಮ ಮೈಮೇಲೆ ಬಂತು ನೋಡು!" ಮ್ಯಾನೇಜರು ಎದ್ದು ನಿಂತರು. "ನಾಳೆಯಿಂದ ಎಲ್ಲರ ಹಾಗೆ ಸಂಜೆ ಮಾಡು. ಇಲ್ಲಾಂದ್ರೆ ಮಶೀನ್ ಲಾಂಡ್ರಿಯವನು ಕಾಯ್ತಾ ಇದಾನೆ."

"ತಪ್ಪು ನಂದು, ಬಿಸಿಲಿನದ್ದಲ್ಲ. ಗುಂಡಿ ನೋಡದೆ ಸುತ್ತಿದ್ದು ಈ ಕೈ. ಕಲೆ ನಾನೇ ತೆಗೀತೀನಿ. ಆದ್ರೆ ಸಂಜೆ ಪೆಟ್ಟಿಗೆ ಮುಟ್ಟಲ್ಲ."

"ಅಷ್ಟು ಜಂಬ?"

"ಸಂಜೆ ಮಾಡಿ ಜಾಸ್ತಿ ಕೇಳಿದ್ರೆ ನೀವು ಕೊಡ್ತೀರಾ? ಇಲ್ಲ ತಾನೆ? ಆಕಾಶದಲ್ಲಿ ಅಷ್ಟು ಬೆಂಕಿ ಉರೀತಿರೋವಾಗ ನಾನ್ಯಾಕೆ ಕತ್ತಲಲ್ಲಿ ನಷ್ಟ ಹೊರಲಿ?"

ಮ್ಯಾನೇಜರ ಹುಬ್ಬು ಗಂಟಾಯಿತು. "ನಾಳೆ ಸಂಜೆಯೊಳಗೆ ಒಂದು ಚುಕ್ಕಿ ಉಳಿದಿದ್ರೂ ಇನ್ನು ಈ ಕಡೆ ಬರಬೇಡ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುದಿ ಅಡುಗೆಭಟ್ಟ ಅವಳ ಗಂಟಿನೊಳಕ್ಕೆ ಎರಡು ಹಿಡಿ ನಿಂಬೆಹಣ್ಣು ಜಾರಿಸಿದ.

ಮರುದಿನ ಬೆಳಿಗ್ಗೆಯೇ ಅತ್ತಿಗೆ ನಾದಿನಿ ಇಬ್ಬರೂ ಮಾಳಿಗೆ ಹತ್ತಿದರು. ಚುಕ್ಕಿಗಳಿಗೆ ನಿಂಬೆರಸ, ಉಪ್ಪು ತಿಕ್ಕಿ, ಕೋಟುಗಳನ್ನು ಬಿಸಿಲಿಗೆ ಹರವಿ, ಒಣಗಿದಂತೆಲ್ಲ ಮತ್ತೆ ರಸ ಹಿಂಡಿದರು. ಹನ್ನೆರಡರ ಹೊತ್ತಿಗೆ ಕಂದು ಹಳದಿಯಾಯಿತು. ಒಂದರ ಹೊತ್ತಿಗೆ ಹಳದಿಯೂ ಇರಲಿಲ್ಲ.

"ಬಿಸಿಲೇ ತೊಳೀತಲ್ಲ ಅತ್ತಿಗೆ!"

"ಹೇಳು ಹೋಗಿ ಆ ಮ್ಯಾನೇಜರಿಗೆ."

ಜಾಲಿಸಿ ಹಿಂಡಿ ಪೆಟ್ಟಿಗೆ ಹಿಡಿದಾಗ ಎರಡು ಗಂಟೆ. ಅಗ್ಗದ ಹೊತ್ತು ಇನ್ನೊಂದೇ ತಾಸು. ಈ ಹಲಗೆ ತೂಗುಹಾಕಿದಂದಿನಿಂದ ಅವಳು ಮಧ್ಯಾಹ್ನ ಉಂಡದ್ದೇ ಇಲ್ಲ. ಅದನ್ನು ಯಾರಿಗೂ ಹೇಳಿರಲೂ ಇಲ್ಲ.

ಐದನೆಯ ಕೋಟು ಮುಗಿಯುವಾಗ ಬಾಗಿಲಲ್ಲಿ ನೆರಳು ಬಿತ್ತು. ಮ್ಯಾನೇಜರು. ಮಡಿಸಿಟ್ಟ ಕೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರವೂ ತಂದರು. ಹುಡುಕಿದ್ದು ಸಿಗಲಿಲ್ಲ.

"ನಾಳೆಯ ಗಂಟು ಕಳಿಸ್ತೀನಿ," ಎಂದರು ಹಲಗೆಯನ್ನು ನೋಡದೆ.

"ಹನ್ನೊಂದರೊಳಗೆ ಕಳಿಸಿ," ಎಂದಳು ಅವಳು ತಲೆಯೆತ್ತದೆ.

ಅವರ ಹಿಂದೆಯೇ ಬಂದಿದ್ದ ಅಡುಗೆಭಟ್ಟ ಒಳಗೇ ಉಳಿದ. ಅವಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಅದೇ ಕೈಗೆ ಮುಚ್ಚಿದ ಬಿಸಿ ಊಟದ ಡಬ್ಬಿ ಇಟ್ಟು, ಆರನೆಯ ಕೋಟನ್ನು ತಾನೇ ಉಜ್ಜತೊಡಗಿದ.