ಗೋಡೆಗೆ ಮುಖ ಮಾಡಿದ ಫಲಕ

ಬತೂಲ್ ಗಿಂಡಿ ಬಗ್ಗಿಸಿ ಚಿಕ್ಕಪ್ಪನ ಕೈಮೇಲೆ ನೀರು ಹೊಯ್ಯುತ್ತಿದ್ದಳು. ಅಪ್ಪನನ್ನು ಮಣ್ಣಿಗಿಟ್ಟು ಬಂದ ಗಂಡಸರು ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ನೆರೆಮನೆಯವರು ಕುಸ್ಕುಸ್ ಕಳಿಸಿದ್ದರು. ಚಿಕ್ಕಪ್ಪ ತೂಹಾಮಿಯ ತೊಡೆಯ ಮೇಲೆ ಅಪ್ಪನ ಸುತ್ತಿಗೆಯಿತ್ತು. ಹೆಣ ಹೊರಡುವ ಮೊದಲೇ ಅದನ್ನು ಅಪ್ಪನ ಸಲಕರಣೆ ಪೆಟ್ಟಿಗೆಯಿಂದ ತೆಗೆದುಕೊಂಡಿದ್ದ.

"ನೋಡ್ಕೊಂಡು ಹೊಯ್ಯೇ. ನಿಮ್ಮಪ್ಪನ ಥರ ಕುರುಡು ಕೆಲ್ಸ ಮಾಡ್ಬೇಡ."

ಯಾರೋ ಕಿಸಕ್ಕೆಂದರು.

"ಸತ್ತೋನ ಮನೇಲಿ ಕೂತಿದೀಯ, ತೂಹಾಮಿ," ಎಂದ ಮುಫದ್ದಲ್. ಗೋಡೆಚಿತ್ರಕ್ಕೆ ಅಪ್ಪ ಜೋಡಿಸುತ್ತಿದ್ದ ಬಣ್ಣದ ಮಣ್ಣಿನ ಬಿಲ್ಲೆಗಳನ್ನು ನಲವತ್ತು ವರ್ಷ ಗೂಡಿನಲ್ಲಿ ಸುಟ್ಟುಕೊಟ್ಟ ಮುದುಕ.

"ಸುಳ್ಳು ಹೇಳಿದ್ನಾ? ಕಾರಂಜಿ ಗೋಡೆಗೆ ಹಸಿರು ನಕ್ಷತ್ರ ಮಾಡು ಅಂದ್ರೆ ಕರೀದು ಮಾಡಿಟ್ಟ! ಇಡೀ ಫೆಸ್ ಊರೇ ನಕ್ತು. ನಾಳೆಯಿಂದ ಈ ಸುತ್ತಿಗೆ ನಂದು, ಮೇಸ್ತ್ರಿಕೆ ನಂದು. ಆ ದರಿದ್ರ ಫಲಕಾನ ಇವತ್ತೇ ಒಡೆದು ಹಾಕ್ತೀನಿ."

ಫಲಕ ಅಂಗಳದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಹಾಗೆ ನಿಲ್ಲಿಸಿದವನು ಅಪ್ಪನೇ.

*

ಫಲಕ ಮಾಡಲು ಬಿಲ್ಲೆಗಳನ್ನು ಬೋರಲು ಜೋಡಿಸಬೇಕು. ಬಣ್ಣವೆಲ್ಲ ನೆಲಕ್ಕೆ, ಕಣ್ಣಿಗೆ ಕಾಣುವುದು ಸುಟ್ಟ ಮಣ್ಣಿನ ಬೆನ್ನು ಮಾತ್ರ. ಮೇಲೆ ಗಾರೆ ಹೊಯ್ದು, ಒಣಗಿದ ಮೇಲೆ ಎತ್ತಿದರೇ ಚಿತ್ರ. ಅಪ್ಪನಿಗೆ ದೃಷ್ಟಿ ಮಂಜಾದ ಮೇಲೆ ಹಸಿರಿಗೂ ಕಪ್ಪಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೇಲಾಗಿ ಎರಡರ ಆಕಾರವೂ ಒಂದೇ. ಹಸಿರಿನ ಬುಟ್ಟಿ ಬಲಕ್ಕೆ, ಕಪ್ಪಿನದು ಎಡಕ್ಕೆ. ಉಳಿದದ್ದು ಕೈಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ, ಕೆಲಸ ಶುರುಮಾಡುವ ಮೊದಲು ಅಪ್ಪ ನಮಾಜಿಗೆಂದು ಕೈಕಾಲು ತೊಳೆಯಲು ಹೋಗಿದ್ದ. ಮೇಲಿನ ಕಿಟಕಿಯಿಂದ ಬತೂಲ್ ನೋಡಿದ್ದಳು. ಚಿಕ್ಕಪ್ಪ ಬಂದು ಎರಡೂ ಬುಟ್ಟಿಗಳನ್ನು ಎತ್ತಿ ಜಾಗ ಬದಲಿಸಿ, ಕೈ ಕೊಡವಿಕೊಂಡು ಹೋದ. ಯಾಕೆಂದು ಆಗ ಹೊಳೆಯಲಿಲ್ಲ.

ಫಲಕ ಎತ್ತಿದ ದಿನ ಹೊಳೆಯಿತು. ಜನ ನಗುತ್ತಿದ್ದರು. ಅಪ್ಪ ಬಿಲ್ಲೆಗಳ ಮೇಲೆ ಬೆರಳಾಡಿಸುತ್ತ, "ಕೈ ತಪ್ಪಲಿಲ್ಲವಲ್ಲ ಮಗಳೇ, ಕೈ ತಪ್ಪಲಿಲ್ಲವಲ್ಲ," ಎನ್ನುತ್ತಿದ್ದ. ಚಿಕ್ಕಪ್ಪ ಅವಳನ್ನೇ ದುರುಗುಟ್ಟಿ ನೋಡಿದ. ಕಿಟಕಿಯಿಂದ ಕಂಡದ್ದನ್ನು ಹೇಳದೆ ಅವಳು ಒಳಗೆ ಹೋದಳು.

*

ತೂಹಾಮಿ ಸುತ್ತಿಗೆ ಹಿಡಿದು ಎದ್ದ. ಬತೂಲ್ ಗಿಂಡಿ ಕೆಳಗಿಟ್ಟು ಅವನಿಗಿಂತ ಮೊದಲು ಮೂಲೆಗೆ ಹೋದಳು. ಫಲಕ ಅವಳೊಬ್ಬಳಿಂದ ಅಲುಗಲಿಲ್ಲ. ಮುಫದ್ದಲ್ ಬಂದು ಕೈಕೊಟ್ಟ. ಇಬ್ಬರೂ ಸೇರಿ ತಿರುಗಿಸಿದರು.

"ಮಾಮ, ಹಸಿರಿರಬೇಕಾದ ಕಡೆ ಕಪ್ಪಿದೆ, ಕಪ್ಪಿರಬೇಕಾದ ಕಡೆ ಹಸಿರಿದೆ. ಒಂದೇ ಒಂದು ಕಡೆ ಹೆಚ್ಚುಕಮ್ಮಿ ಆಗಿದೆಯಾ, ನೋಡಿ."

ಮುದುಕ ನಡುವಿನಿಂದ ಅಂಚಿನವರೆಗೆ ಸಾಲು ಹಿಡಿದು ನೋಡಿದ. ಸಂದಿಗೆ ಉಗುರು ಹಾಕಿದ, ಇಳಿಯಲಿಲ್ಲ.

"ಕಣ್ಣು ಕಾಣದೆ ತಪ್ಪಿದ್ರೆ ಅಲ್ಲೊಂದು ಇಲ್ಲೊಂದು ತಪ್ತಿತ್ತು," ಎಂದ. "ಇದರಲ್ಲಿ ಒಂದೂ ತಪ್ಪಿಲ್ಲ. ಬುಟ್ಟಿ ಅದಲುಬದಲಾಗಿದೆ. ಯಾರ ಕೆಲ್ಸ ಇದು?"

"ಚಿಕ್ಕಪ್ಪಂದು. ಕಿಟಕಿಯಿಂದ ನೋಡ್ದೆ."

"ಆಗ್ಲೇ ಬೊಗಳ್ಬೇಕಿತ್ತು! ಮೂರು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದು ತೂಹಾಮಿ ಅರಚಿದ.

ಅವಳ ಮಾತು ಸುಳ್ಳು ಎಂದು ಮಾತ್ರ ಹೇಳಲಿಲ್ಲ. ಮುಫದ್ದಲ್ ಅವನ ಕೈಯಿಂದ ಸುತ್ತಿಗೆ ಬಿಡಿಸಿ ಫಲಕದ ಬುಡದಲ್ಲಿಟ್ಟ.

ಊಟ ಮುಗಿಯಿತು. ಬತೂಲ್ ಮತ್ತೆ ಗಿಂಡಿ ಹಿಡಿದು ಸಾಲಿನಲ್ಲಿ ಬಂದಳು. ಮುಫದ್ದಲ್‌ಗೆ ಹೊಯ್ದಳು. ಕಿಸಕ್ಕೆಂದವನಿಗೂ ಹೊಯ್ದಳು. ಆಮೇಲೆ ಒಬ್ಬನನ್ನು ದಾಟಿ ಮುಂದಿನವನ ಎದುರು ಬಗ್ಗಿದಳು. ತೂಹಾಮಿ ಜಿಡ್ಡಿನ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡೇ ಕೂತಿದ್ದ.