ಪುಟ್ಟಜ್ಜಿಗೆ ಇನ್ನೊಂದು ಹೆಸರು

ನನ್ನ ಮೊಮ್ಮಗಳಿಗೆ ನನ್ನ ತಾಯಿಯ ಹೆಸರಿಟ್ಟವನು ನಾನೇ. ಉಮ್ಸುನಾಯ್. ಕೂಸಿನ ಕಿವಿಯಲ್ಲಿ ಬಾಂಗ್ ಹೇಳಿ, ಆ ಹೆಸರನ್ನು ಮೂರು ಸಲ ಉಸುರಿದೆ. ಎರಡನೆಯ ವರ್ಷ ಜ್ವರ ಬಂತು. ಆ ಕಿವಿಗಳೂ ಹೋದವು, ಕಣ್ಣುಗಳೂ ಹೋದವು. ಆಮೇಲೆ ಆ ಹೆಸರನ್ನು ಯಾರೂ ಕೂಗಲಿಲ್ಲ.

ಅವಳ ತಾಯಿಯಂತೂ ಮೊದಲಿನಿಂದಲೂ ಕೂಗಿದವಳಲ್ಲ. ಗಂಡನ ಮನೆಯ ಹಿರಿಯರ ಹೆಸರನ್ನು ನಮ್ಮ ಸೊಸೆಯರು ಬಾಯಲ್ಲಿ ತರುವುದಿಲ್ಲ. ಆ ಹಿರಿಯರು ಮಣ್ಣಾಗಿದ್ದರೂ ಅಷ್ಟೇ. ಹಾಗಾಗಿ ಹೆತ್ತ ಮಗಳನ್ನು ಅವಳು ‘ಪುಟ್ಟಜ್ಜಿ’ ಎಂದು ಕರೆದಳು. ಇದರಿಂದ ನನ್ನ ತಾಯಿಗೆ ಮರ್ಯಾದೆ ಸಂದಿತೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಆ ಸೊಸೆಯನ್ನೂ ನಾವು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸೊಸೆಯನ್ನು ‘ಕೆಲಿನ್’ ಎಂದರೆ ನಮ್ಮಲ್ಲಿ ಮುಗಿಯಿತು.

ಹುಡುಗಿಗೆ ಒಂಬತ್ತು ತುಂಬಿದಾಗ ಜಿಲ್ಲೆಯಿಂದ ಕಾಗದ ಬಂತು. ಕಲಿಯಲಾರದ ಮಕ್ಕಳ ಆಶ್ರಯಮನೆಗೆ ಅವಳನ್ನು ಕಳಿಸಬೇಕಂತೆ. ಶರತ್ಕಾಲದಲ್ಲಿ, ನಾವು ಬೆಟ್ಟದ ಹುಲ್ಲುಗಾವಲಿನಿಂದ ಇಳಿಯುವ ಮೊದಲು, ಸಮಿತಿಯ ಡಾಕ್ಟರು ಬಂದು ನೋಡುತ್ತಾರಂತೆ. ಆ ಮನೆಯನ್ನು ನಾನು ಒಮ್ಮೆ ನೋಡಿದ್ದೆ. ಮಕ್ಕಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವು. ಬೇಸಿಗೆಯಲ್ಲೂ ಕಿಟಕಿ ತೆಗೆದಿರಲಿಲ್ಲ.

ಕುದುರೆ ಹತ್ತಿ ಪಟ್ಟಣಕ್ಕೆ ಹೋದೆ. ರಾಜಧಾನಿ ಫ್ರುಂಜೆಯಲ್ಲಿ ಕಿವುಡು ಮಕ್ಕಳಿಗೆ ಮೂವತ್ತು ವರ್ಷ ಕಲಿಸಿ, ನಿವೃತ್ತಳಾಗಿ ಬಂದಿದ್ದ ನುರಿಪಾ ಎಂಬ ಹೆಂಗಸು ಅಲ್ಲಿದ್ದಳು.

“ಕಣ್ಣಿಲ್ಲ, ಕಿವಿ ಇಲ್ಲ,” ಎಂದೆ.

“ಕೈ ಇದೆಯಾ, ಅತಾ?” ಎಂದಳು. ಹಿರಿಯ ಗಂಡಸರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ.

“ಇದೆ. ಕಚ್ಚೋ ಹಲ್ಲೂ ಇದೆ.”

“ಸಾಕು ಬಿಡಿ. ಎರಡೂ ಕೆಲಸಕ್ಕೆ ಬರುತ್ವೆ,” ಎಂದು ಆಕೆ ಪೆಟ್ಟಿಗೆ ಕಟ್ಟಿದಳು.

ಆಕೆ ನಮ್ಮ ಗುಡಾರಕ್ಕೆ ಬಂದ ದಿನ ಸೊಸೆ ನೆಲಹಾಸಿಗೆಂದು ಒತ್ತುಣ್ಣೆಯಲ್ಲಿ ಟಗರುಕೊಂಬಿನ ಚಿತ್ತಾರ ಕತ್ತರಿಸುತ್ತಿದ್ದಳು. ಪುಟ್ಟಜ್ಜಿ ಪಕ್ಕದಲ್ಲಿ ಕೂತು, ಕತ್ತರಿಸಿದ ಅಂಚುಗಳ ಮೇಲೆ ಬೆರಳಾಡಿಸುತ್ತಿದ್ದಳು. ಅವಳು ಸುಮ್ಮನಿರುತ್ತಿದ್ದುದು ಆಗ ಮಾತ್ರ.

ನುರಿಪಾ ಬಹಳ ಹೊತ್ತು ನೋಡಿದಳು. “ಕೆಲಿನ್, ಕೊಂಬು ಕತ್ತರಿಸೋ ಕೈ ಅಕ್ಷರ ಕತ್ತರಿಸಲ್ವಾ?”

“ಕತ್ತರಿಸುತ್ತೆ ಅಕ್ಕ. ಆದ್ರೆ ಇವಳು ಅದನ್ನ ತಿಂತಾಳೆ.”

“ತಿನ್ನಲಿ. ಹೇಗಾದ್ರೂ ಒಳಗೆ ಹೋದ್ರೆ ಆಯ್ತು.”

ಹಾಗೆ ನಮ್ಮ ಮನೆಗೆ ಅಕ್ಷರಗಳು ಬಂದವು. ಉಣ್ಣೆಯವು, ಅಂಗೈಯಷ್ಟು ದೊಡ್ಡವು. ಹುಡುಗಿಗೆ ಪ್ರಾಣವಾಗಿದ್ದದ್ದು ಕುರುತ್, ಅಂದರೆ ಮೊಸರು ಹಿಂಡಿ ಒಣಗಿಸಿದ ಉಪ್ಪುಂಡೆ. ಒಂದು ಉಂಡೆ ಕೊಡುವ ಮೊದಲು ನುರಿಪಾ ಅವಳ ಬೆರಳುಗಳನ್ನು ಆ ಪದದ ಅಕ್ಷರಗಳ ಮೇಲೆ ಸಾಲಾಗಿ ನಡೆಸುತ್ತಿದ್ದಳು. ಹುಡುಗಿ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಅಕ್ಷರಗಳನ್ನು ಒಲೆಗೆ ಎಸೆಯುತ್ತಿದ್ದಳು. ಗುಡಾರದ ತುಂಬ ಸುಟ್ಟ ಉಣ್ಣೆಯ ನಾತ.

“ಜಾಪಾರ್ ಅತಾ, ಕುರಿ ಸುಡ್ತಿದೀರೋ ಪಾಠ ಸುಡ್ತಿದೀರೋ?” ಎಂದು ಪಕ್ಕದ ಗುಡಾರದ ಸಕಿನಾ ದಿನಾ ಕೇಳುವಳು.

ಸೊಸೆ ಮತ್ತೆ ಕತ್ತರಿಸುವಳು. ನುರಿಪಾಳ ಮುಂಗೈಯಲ್ಲಿ ಹಲ್ಲಿನ ಗುರುತುಗಳು ಬಳೆ ತೊಟ್ಟಂತೆ ಸುತ್ತಿಕೊಂಡಿದ್ದವು. ಒಂದು ದಿನ ನನಗೇ ತಡೆಯಲಾಗಲಿಲ್ಲ. “ಮನೆಗೆ ಹೋಗಮ್ಮ,” ಎಂದೆ.

“ನೀವು ವೀರಗಾಥೆಯ ಹಾಡುಗಾರರ ಮುಂದೆ ಕೂತು ಕೇಳೋರು, ಅತಾ. ವೀರ ಒಂದೇ ದಿನಕ್ಕೆ ಕೋಟೆ ಗೆದ್ದುಬಿಟ್ರೆ ಎದ್ದು ಹೋಗಲ್ವಾ ನೀವು?”

ನಾನು ಎದ್ದು ಸೊಸೆಗೆ ಇನ್ನಷ್ಟು ಒತ್ತುಣ್ಣೆ ತಂದುಕೊಟ್ಟೆ.

ಕುದುರೆಮರಿಗಳನ್ನು ಕಟ್ಟಿ ತಾಯಿಕುದುರೆಗಳ ಹಾಲು ಕರೆಯುವ ಒಂದು ಬೆಳಗ್ಗೆ, ನಮಾಜು ಮುಗಿಸಿ ಒಳಗೆ ಬಂದೆ. ಪುಟ್ಟಜ್ಜಿ ಅಕ್ಷರದ ಚೀಲವನ್ನು ನೆಲಕ್ಕೆ ಸುರಿದುಕೊಂಡಿದ್ದಳು. ಒಂದೊಂದನ್ನೇ ಮುಟ್ಟಿ ಬಿಸಾಡುತ್ತಿದ್ದಳು, ಕೆಲವನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಮೇಲೆ ತೆವಳಿಕೊಂಡು ಹೋಗಿ, ಇನ್ನೂ ಮಲಗಿದ್ದ ನುರಿಪಾಳ ಎದೆಯ ಮೇಲೆ ಅವನ್ನು ಸಾಲಾಗಿ ಜೋಡಿಸಿ, ಕೈ ಚಾಚಿದಳು.

ಕುರುತ್.

ನುರಿಪಾ ಅಲುಗಾಡದೆ ಅತ್ತಳು. ಅಲುಗಿದರೆ ಅಕ್ಷರ ಜಾರುತ್ತಿದ್ದವು. ಸೊಸೆ ಕುರುತ್ ಚೀಲವನ್ನೇ ತಂದು ಹುಡುಗಿಯ ಮುಂದಿಟ್ಟಳು.

“ಬೇಡ! ಒಂದೇ ಕೊಡಿ,” ಎಂದು ನುರಿಪಾ ಕಣ್ಣೊರೆಸಿಕೊಂಡಳು. “ಎರಡನೇದಕ್ಕೆ ಎರಡನೇ ಪದ ಕಲೀಲಿ.”

ಹೀಗೆ ಅವಳ ಎರಡನೆಯ ಪದ ‘ಇನ್ನೊಂದು’ ಆಯಿತು. ಬೇಲಿಯಲ್ಲಿ ಕಿಂಡಿ ಕಂಡ ಕುರಿಗಳ ಹಾಗೆ ಉಳಿದವು ನುಗ್ಗಿ ಬಂದವು. ಉಪ್ಪು, ಬಿಸಿ, ನಾಯಿ, ಅಮ್ಮ, ತಾತ. ಉಣ್ಣೆಯ ಅಕ್ಷರ ಬಿಟ್ಟು ಅಂಗೈ ಮೇಲೆ ಬೆರಳಿನಿಂದ ಬರೆಯುವುದು ಶುರುವಾಯಿತು. ನನಗೆ ಬರುತ್ತಿದ್ದದ್ದು ಅಪ್ಪ ಕಲಿಸಿದ ಕುರಾನಿನ ಲಿಪಿ ಮಾತ್ರ. ಈ ಹೊಸ ಅಕ್ಷರಗಳನ್ನು ಮೊಮ್ಮಗಳ ಜೊತೆ ಕೂತು ಕಲಿತೆ. ನಾನು ತಪ್ಪು ಬರೆದರೆ ಅವಳು ನನ್ನ ಬೆರಳಿಗೆ ಹೊಡೆಯುತ್ತಿದ್ದಳು.

ಅವಳನ್ನು ಕರೆಯಲು ಸೊಸೆ ಅಂಗೈಯಲ್ಲೂ ಪುಟ್ಟಜ್ಜಿ ಎಂದೇ ಬರೆದಳು. “ತಾಯಿ ಕರೆದದ್ದೇ ಹೆಸರು ಬಿಡಿ,” ಎಂದಳು ನುರಿಪಾ. ನನಗೂ ಅದೇ ಬೇಕಿತ್ತು.

ಮೊದಲ ಮಂಜು ಬಿದ್ದ ವಾರ ಡಾಕ್ಟರು ಬಂದರು. ನಗರದಲ್ಲಿ ಹುಟ್ಟಿ ಬೆಳೆದವರು, ಒಳ್ಳೆಯವರೇ, ಆದರೆ ಆತುರದವರು. ತಮ್ಮ ಟೋಪಿ ತೆಗೆದು ಹುಡುಗಿಯ ಕೈಗಿಟ್ಟರು. ಅವಳು ನುರಿಪಾಳ ಅಂಗೈಯಲ್ಲಿ ‘ಟೋಪಿ’ ಎಂದು ಬರೆದಳು. ಚಮಚ ಕೊಟ್ಟರು, ಅದನ್ನೂ ಬರೆದಳು.

“ಕಲಿಸಿದ್ದನ್ನ ಒಪ್ಪಿಸೋದು ನಾಯಿಮರಿಗೂ ಬರುತ್ತಮ್ಮ. ಯೋಚನೆ ಇದೆಯಾ ಅಂತ ನಾನು ನೋಡ್ಬೇಕು. ಹೆಸರು ಕೇಳಿ.”

ನುರಿಪಾ ಕೇಳಿದಳು. ಹುಡುಗಿಯ ಬೆರಳು ಓಡಿತು.

“ಪುಟ್ಟಜ್ಜಿ ಅಂತಿದಾಳೆ.”

ಡಾಕ್ಟರು ಕಾಗದ ನೋಡಿದರು. “ಇಲ್ಲಿ ಉಮ್ಸುನಾಯ್ ಅಂತಿದೆ. ಸ್ವಂತ ಹೆಸರೇ ಗೊತ್ತಿಲ್ವಲ್ಲ.” ಪೆನ್ನಿನ ಮುಚ್ಚಳ ತೆಗೆದರು.

“ಅವಳ ತಪ್ಪಲ್ಲ ಸಾರ್! ಆ ಹೆಸರನ್ನ ಇವಳಮ್ಮ ಹೇಳೋ ಹಾಗಿಲ್ಲ,” ಎಂದು ನುರಿಪಾ ಅವರ ತೋಳನ್ನೇ ಹಿಡಿದಳು.

“ಹಾಗಿದ್ರೆ ಈಗ ಹೇಳಲಿ.”

ಸೊಸೆ ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡು ನನ್ನನ್ನು ನೋಡಿದಳು. ನುರಿಪಾ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಸಕಿನಾಳೂ ನೋಡಿದಳು.

ಚಿಕ್ಕಂದಿನಿಂದ ನಾನು ಹಾಡುಗಾರರ ಕಾಲ ಬುಡದಲ್ಲಿ ಕೂತು ಕೇಳಿದವನು. ಯುದ್ಧಕ್ಕೆ ಹೊರಟವರನ್ನು ಅವರು ಹೆಸರು ಹಿಡಿದೇ ಕರೆಯುತ್ತಾರೆ. ಸವಾರನಿಗಿಂತ ಮೊದಲು ಅವನ ಕುದುರೆಯ ಹೆಸರು ಹೇಳುತ್ತಾರೆ. ಹೆಸರು ಹೇಳದೆ ಯಾರೂ ಆ ಹಾಡಿನೊಳಗೆ ಕಾಲಿಡುವುದಿಲ್ಲ. ಅದನ್ನು ಅರವತ್ತು ವರ್ಷ ಕೇಳಿಯೂ, ಈ ಕೂಸನ್ನು ನಾನು ಬಾಗಿಲ ಹೊರಗೇ ನಿಲ್ಲಿಸಿದ್ದೆ.

“ಹೇಳಮ್ಮ,” ಎಂದೆ. “ನಮ್ಮಮ್ಮನಿಗೆ ನಾನು ಜವಾಬು ಕೊಟ್ಕೋತೀನಿ.”

“ಬಾಯಲ್ಲಿ ಬರಲ್ಲ ಅತಾ...”

“ಬೆರಳಲ್ಲಿ ಬರಲಿ.”

ಸೊಸೆ ಮಗಳ ಮುಂದೆ ಮಂಡಿಯೂರಿದಳು. ಅಂಗೈ ಬಿಡಿಸಿ ನಿಧಾನವಾಗಿ ಬರೆದಳು. ಬರೆದು ಆ ಕೈಯನ್ನು ಹುಡುಗಿಯ ಎದೆಗೇ ಒತ್ತಿದಳು. ಮತ್ತೆ ಬರೆದಳು, ಮತ್ತೆ ಒತ್ತಿದಳು. ಹುಡುಗಿ ಕಲ್ಲಿನಂತೆ ನಿಂತಳು. ಆಮೇಲೆ ತಾನೇ ತನ್ನ ಅಂಗೈ ಮೇಲೆ ಆ ಹೆಸರನ್ನು ಬರೆದುಕೊಂಡು, ಎದೆ ಮುಟ್ಟಿಕೊಂಡಳು.

“ಇದೂ ಒಪ್ಪಿಸಿದ್ದೇ ಆಯ್ತಲ್ಲ,” ಎಂದರು ಡಾಕ್ಟರು, ಮೆಲ್ಲಗೆ.

ಆಗ ಅವಳು ತಾಯಿಯ ಕೈಯನ್ನು ಎಳೆದುಕೊಂಡು ಏನೋ ಬರೆದಳು. ಸೊಸೆ ಬೆಚ್ಚಿಬಿದ್ದಳು.

“ಏನಂತೆ?” ಎಂದರು ಡಾಕ್ಟರು.

ಹುಡುಗಿ ಅಸಹನೆಯಿಂದ ನುರಿಪಾಳ ಕೈಯಲ್ಲೂ ಬರೆದಳು. ನುರಿಪಾ ಗಟ್ಟಿಯಾಗಿ ಓದಿದಳು: “ಅಮ್ಮ. ಇನ್ನೊಂದು?”

“ಅಂದ್ರೆ?”

“ನನಗೆ ಇನ್ನೊಂದು ಹೆಸರಿದೆ, ಹಾಗಾದ್ರೆ ಅಮ್ಮನಿಗೂ ಇರಬೇಕಲ್ಲ, ಅದೇನು ಅಂತ ಕೇಳ್ತಿದಾಳೆ ಸಾರ್.”

“ಈ ಪ್ರಶ್ನೆ ಕಲಿಸಿದ್ದು ಯಾರು?”

“ಯಾರೂ ಇಲ್ಲ. ‘ಇನ್ನೊಂದು’ ಅನ್ನೋದನ್ನ ಕುರುತ್‌ಗೆ ಅಂತ ಕಲಿಸಿದ್ದೆ. ಅಷ್ಟೇ.”

ಡಾಕ್ಟರ ಪೆನ್ನು ನಿಂತಲ್ಲೇ ನಿಂತಿತು. ಸೊಸೆ ಮಗಳ ಅಂಗೈಯಲ್ಲಿ ತನ್ನ ಹೆಸರು ಬರೆದಳು. ನುರಿಪಾ ಅದನ್ನೂ ಓದಿದಳು: ಅನಾರ್‌ಕುಲ್. ಹತ್ತು ವರ್ಷದಲ್ಲಿ ನಮ್ಮ ಗುಡಾರದೊಳಗೆ ಆ ಹೆಸರು ಕೇಳಿದ್ದು ಅದೇ ಮೊದಲು.

ಹುಡುಗಿ ಅಲ್ಲಿಗೆ ನಿಲ್ಲಲಿಲ್ಲ. ನನ್ನ ಮೊಣಕಾಲು ತಡವಿ ಕೈ ಹಿಡಿದಳು. ತಾತ. ಇನ್ನೊಂದು? ನನ್ನ ವಕ್ರ ಅಕ್ಷರದಲ್ಲಿ ಜಾಪಾರ್ ಎಂದು ಬರೆದೆ. ಟೋಪಿಯ ವಾಸನೆ ಹಿಡಿದು ಡಾಕ್ಟರ ಬಳಿ ಹೋದಳು. ಟೋಪಿ. ಇನ್ನೊಂದು? ಅವರು ಪೆನ್ನು ಕೆಳಗಿಟ್ಟು, ನುರಿಪಾಳನ್ನು ಕೇಳಿ ಕೇಳಿ, ತಮ್ಮ ಹೆಸರನ್ನು ಅವಳ ಅಂಗೈ ಮೇಲೆ ತಾವೇ ಬರೆದರು. ಆಮೇಲೆ ಕಾಗದದ ಮೇಲೆ ಬರೆದರು: ಕಲಿಯುತ್ತಾಳೆ, ಶಿಕ್ಷಕಿ ಜೊತೆಗಿರತಕ್ಕದ್ದು.

“ನನ್ನನ್ನ ಬಿಟ್ರಲ್ಲಾ!” ಎಂದು ಸಕಿನಾ ಸಾಲು ಹಿಡಿದು ಕೈ ಚಾಚಿದಳು.

“ಅನಾರ್‌ಕುಲ್, ಚಹಾ ಮಾಡಮ್ಮ,” ಎಂದೆ. ಸೊಸೆ ಕೆಟಲ್ ಎತ್ತಿಕೊಂಡವಳು ಹಾಗೇ ಕೂತು ನಕ್ಕಳು, ಅತ್ತಳು. ಚಹಾ ಮಾಡಿದ್ದು ನಾನೇ.

ಅಷ್ಟರಲ್ಲಿ ಉಮ್ಸುನಾಯ್ ನುರಿಪಾಳನ್ನು ಹೊರಗೆ ಎಳೆದುಕೊಂಡು ಹೋಗಿದ್ದಳು. ಕಟ್ಟಿದ್ದ ಬೂದು ಕುದುರೆಯ ಕೊರಳ ಮೇಲೆ ಬೆರಳಿಂದ ಬರೆದು ಕಾಯುತ್ತಿದ್ದಳು. ಕುದುರೆ. ಇನ್ನೊಂದು?

ಅದಕ್ಕೆ ಹೆಸರಿರಲಿಲ್ಲ. ಚಹಾ ಆರುವ ಮೊದಲು ಇಟ್ಟೆವು.