ಬುಲೆಟ್ಟಿನ ಕಿವಿಗೆ ಕೆಂಪು ಪಟ್ಟಿ

ಹುಲ್ಲು ಕೊಯ್ದು ಮಾಳಿಗೆಗೆ ಏರಿಸಿದ ಮೇಲೆ ನಮ್ಮೂರಲ್ಲಿ ಕುರಿಗಳ ಬೆನ್ನು ಮುಟ್ಟಿ ನೋಡುತ್ತಾರೆ. ಮನೆಯ ಯಜಮಾನ ಒಂದೊಂದರ ಮೇಲೂ ಕೈಯಾಡಿಸುತ್ತಾನೆ. ಮಾಂಸ ಸಿಕ್ಕರೆ ಅದು ಚಳಿಗಾಲ ದಾಟುತ್ತದೆ. ಮೂಳೆ ಸಿಕ್ಕರೆ ಮಾರುವುದು, ಇಲ್ಲ ಕೊಯ್ಯುವುದು. ಇರುವ ಹುಲ್ಲು ಅಷ್ಟೇ, ಬೇಸಿಗೆ ಬರುವತನಕ ಇನ್ನೊಂದು ಎಸಳೂ ಹುಟ್ಟುವುದಿಲ್ಲ. ಇದಕ್ಕೆ ಯಾರೂ ಅಳುವುದಿಲ್ಲ.

ಈ ಸಲ ಅಜಂಗ್ ತುಂಡುಪ್ ಕುರಿಗಳನ್ನು ಮುಗಿಸಿ, ಆ ಕೈಯನ್ನು ಒರೆಸಿಕೊಳ್ಳದೆ, ಅಂಗಳದಲ್ಲಿ ನಿಂತಿದ್ದ ನನ್ನ ಬುಲೆಟ್ಟಿನ ಸೀಟಿನ ಮೇಲೂ ಆಡಿಸಿದರು.

"ಇದೂ ದಾಟಲ್ಲ," ಅಂದರು. "ನಾಡಿದ್ದು ಲಾರಿಗೆ ಹಾಕು."

ಅಜಂಗ್ ಅಂದರೆ ಅಮ್ಮನ ಅಣ್ಣ. ಅಪ್ಪ ಸತ್ತಾಗಿನಿಂದ ನಾವು ಅಮ್ಮನ ತವರಲ್ಲೇ ಇರುವುದು, ಹಾಗಾಗಿ ಕುರಿಗೂ ನನಗೂ ಯಜಮಾನರು ಅವರೇ. ಲಾರಿ ಓಡಿಸಿ ಓಡಿಸಿ ಅವರ ಗಂಟಲೂ ಲಾರಿಯದೇ ಆಗಿದೆ. ಹಿಮ ಬಿದ್ದು ಕಣಿವೆದಾರಿ ಮುಚ್ಚುವ ಮೊದಲು ಕೊನೆಯ ಬಾರಿ ಲಾರಿ ಇಳಿಸಿಕೊಂಡು ಮನಾಲಿಗೆ ಹೋದರೆ ಅವರು ಬರುವುದು ಹಿಮ ಕರಗಿದ ಮೇಲೆ. ಅವರ ಯೋಜನೆ ಇಷ್ಟು: ಬುಲೆಟ್ಟನ್ನು ಮನಾಲಿಯಲ್ಲಿ ಮಾರುವುದು, ನನ್ನನ್ನು ಅಲ್ಲೇ ಯಾವುದಾದರೂ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಬಿಡುವುದು.

"ಹಾಕಲ್ಲ," ಅಂದೆ.

"ಏನಂದೆ?"

"ಹಾಕಲ್ಲ ಅಂದೆ. ಕಿವಿ ಕೇಳ್ಸಲ್ವಾ ಅಜಂಗ್, ಹಾರ್ನ್ ಹೊಡೆದೂ ಹೊಡೆದೂ?"

ಮೆಟ್ಟಿಲ ಮೇಲೆ ಕೂತು ಪ್ರಾರ್ಥನೆಯ ಚಕ್ರ ತಿರುಗಿಸುತ್ತಿದ್ದ ಅಜ್ಜಿ, ನಮ್ಮ ಅಬಿ, ಚಕ್ರ ನಿಲ್ಲಿಸದೆ ನಕ್ಕಳು. ಅದರಿಂದ ಅಜಂಗ್‌ಗೆ ಇನ್ನಷ್ಟು ಉರಿಯಿತು.

"ಬೇಸಿಗೆ ಪ್ರಾಣಿ ಕಣೋ ಇದು. ಹಿಮ ಬಿದ್ದ ಮೇಲೆ ಇದನ್ನ ಇಟ್ಕೊಂಡು ಏನ್ ಮಾಡ್ತೀಯ, ಹಾಲು ಕರೀತೀಯಾ? ತುಕ್ಕು ಹಿಡಿಯುತ್ತೆ, ಪೆಟ್ರೋಲ್ ಕೊಳೆಯುತ್ತೆ, ಬೇಸಿಗೇಲಿ ಗುಜರಿಯವನೂ ಮುಟ್ಟಲ್ಲ."

"ಇದು ಹುಲ್ಲು ತಿನ್ನಲ್ವಲ್ಲ, ನಿಮಗ್ಯಾಕೆ ಹೊಟ್ಟೆನೋವು?"

ಈ ಗಾಡಿ ನನಗೆ ಪುಕ್ಕಟೆ ಬಂದದ್ದಲ್ಲ. ಶಾಲೆಯನ್ನು ನಾನು ಎಂಟನೇ ಕ್ಲಾಸಿಗೇ ಬಿಟ್ಟೆ. ಪಾಠ ಒಂದು ಭಾಷೆಯಲ್ಲಿ, ಪರೀಕ್ಷೆ ಇನ್ನೊಂದರಲ್ಲಿ, ಬೈಗುಳ ಮಾತ್ರ ನಮ್ಮ ಭಾಷೆಯಲ್ಲಿ. ಬಿಟ್ಟವನು ನೇರ ಲೇಹ್‌ನ ಬಾಡಿಗೆ ಬೈಕಿನ ಅಂಗಡಿಗೆ ಹೋದೆ. ದಿಲ್ಲಿಯಿಂದ ಬಂದವರ ಬೈಕಿನ ಕೆಸರು ತೊಳೆದೆ. ಕಣಿವೆದಾರಿಯ ನೆತ್ತಿಯಲ್ಲಿ ಉಸಿರು ಕಟ್ಟಿ ಕೂತವರನ್ನು ಹಿಂದೆ ಕೂರಿಸಿಕೊಂಡು ಇಳಿಸಿದೆ. ನನ್ನ ಹೆಸರು ಮುಟುಪ್. ಅದನ್ನು ಒಬ್ಬನೂ ಕೇಳಲಿಲ್ಲ, ಎಲ್ಲರಿಗೂ ನಾನು ಛೋಟು. ಬಂಡೆಗೆ ಗುದ್ದಿ ಬಿದ್ದ ಒಂದು ಬುಲೆಟ್ಟನ್ನು ಅಂಗಡಿಯವನು ಗುಜರಿಗೆ ಹಾಕಲು ಹೊರಟಾಗ ನನ್ನ ಕೂಲಿಗೆ ಬದಲು ಅದನ್ನೇ ಕೇಳಿ ತಂದೆ. ಬಗ್ಗಿದ್ದನ್ನು ನೇರ ಮಾಡಿದೆ. ಮುಂದಿನ ಬೇಸಿಗೆಗೆ ದಾರಿ ಬಲ್ಲ ಮುಂದಾಳು ಬೇಕೆಂದು ಕೇಳಿ ಬರುವ ಸವಾರರ ಮುಂದೆ ನನ್ನ ಗಾಡಿಯ ಮೇಲೆ ನಾನು ಹೋಗುತ್ತೇನೆ. ಗಾಡಿ ಇಲ್ಲದವನು ಮತ್ತೆ ಛೋಟು. ಲೆಕ್ಕ ಅಷ್ಟೇ.

ಮಾರನೆಯ ದಿನ ಅಜಂಗ್ ಲಾರಿಯ ಹಿಂಭಾಗದಲ್ಲಿ ಆಲೂಗೆಡ್ಡೆ ಮೂಟೆಗಳನ್ನು ಸರಿಸಿ ಒಂದು ಬೈಕಿನಷ್ಟು ಜಾಗ ಬಿಟ್ಟರು. ನನಗೆ ಕಾಣಲಿ ಅಂತಲೇ ಬಿಟ್ಟರು. ನಾನು ಲೇಹ್‌ಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು ಬಂದೆ. ದಾರಿಯಲ್ಲಿ ಕುಡಿದಷ್ಟನ್ನು ಸಣ್ಣ ಕ್ಯಾನಿನಿಂದ ಮತ್ತೆ ತುಂಬಿ, ಮುಚ್ಚಳದ ಕುತ್ತಿಗೆಯವರೆಗೆ ತಂದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಇದ್ದರೆ ಗಾಳಿ ಇರುತ್ತದೆ, ಗಾಳಿ ಇದ್ದರೆ ಹಗಲಿನ ಬಿಸಿಲಿಗೂ ರಾತ್ರಿಯ ಶೀತಕ್ಕೂ ಒಳಗೇ ಇಬ್ಬನಿ ಕೂರುತ್ತದೆ, ಇಬ್ಬನಿ ಕೂತಲ್ಲಿ ತುಕ್ಕು. ಪೆಟ್ರೋಲ್ ಕೆಡದಿರಲು ಒಂದು ಔಷಧಿಯಿದೆ. ಜರ್ಮನಿಯ ಒಬ್ಬ ಸವಾರ ಊರಿಗೆ ಹೋಗುವಾಗ ಅರ್ಧ ಶೀಸೆ ನನ್ನ ಕೈಗಿಟ್ಟು ಹೋಗಿದ್ದ. ಅದರ ಮುಚ್ಚಳದಲ್ಲಿ ಅಳೆದು ಹಾಕಿದೆ.

ಅಜಂಗ್ ಲಾರಿಯ ಬಾನೆಟ್ಟಿನಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

"ಅದೇನದು, ಕಣ್ಣಿಗೆ ಬಿಡೋ ಔಷಧಿನಾ?"

"ಪೆಟ್ರೋಲಿಗೆ."

"ಅಷ್ಟೇ ಅಷ್ಟಾ? ನಮ್ಮ ಚಳಿಗಾ?" ಅಂದು ತಲೆ ಒಳಗೆಳೆದುಕೊಂಡರು.

ಹಳೆಯ ಇಂಜಿನ್ ಆಯಿಲ್ ಇಳಿಸಿ ಹೊಸದು ಹಾಕಿದೆ. ಚೈನು ಒರೆಸಿ ಎಣ್ಣೆ ಬಿಟ್ಟೆ. ಬ್ಯಾಟರಿ ಕಳಚಿ ಅಡುಗೆಮನೆಗೆ ಒಯ್ದು, ಬೆಣ್ಣೆಯ ಪೆಟ್ಟಿಗೆಯ ಪಕ್ಕ ಇಟ್ಟೆ. ಬೆಚ್ಚಗಿರುವುದು ಅದೊಂದೇ ಕೋಣೆ.

"ಇದಕ್ಕೂ ಚಹಾ ಹಾಕ್ಬೇಕಾ?" ಅಂದಳು ಅಬಿ.

"ಮುಟ್ಟಬೇಡ ಅಬಿ, ಸಾಕು."

"ನಾನ್ ಮುಟ್ಟಲ್ಲಪ್ಪ. ನಾಳೆ ನಿಮ್ಮ ಅಜಂಗ್ ಎತ್ತಿ ಹಾಕಿದ್ರೆ ಏನ್ ಮಾಡ್ತೀಯ? ಅವನ ಜೊತೆ ಕ್ಲೀನರ್ ಇದಾನೆ, ಪಕ್ಕದ ಮನೆ ಚೋಸ್ಫೆಲ್ ಇದಾನೆ. ನೀನೊಬ್ಬ."

ಅದು ನನ್ನ ತಲೆಯಲ್ಲೂ ಕೊರೆಯುತ್ತಿತ್ತು. ಮೂವರು ಸೇರಿದರೆ ಬುಲೆಟ್ಟು ಲಾರಿ ಹತ್ತುತ್ತದೆ, ನಾನು ಎಷ್ಟು ಕೂಗಿದರೂ ಹತ್ತುತ್ತದೆ. ಮೂಲೆಯಲ್ಲಿದ್ದ ಅಬಿಯ ಬಟ್ಟೆಪೆಟ್ಟಿಗೆಯ ಬಾಯಲ್ಲಿ ಕೆಂಪು ಬಟ್ಟೆಯ ಪಟ್ಟಿಗಳು ಜೋತಾಡುತ್ತಿದ್ದವು. ಪ್ರತಿ ವರ್ಷ ಕುರಿಗಳ ನ್ಯಾಯ ಮುಗಿದ ಮೇಲೆ ಅಬಿ ಒಂದು ಪ್ರಾಣಿಯನ್ನು ಆರಿಸಿ ಅದರ ಕಿವಿಗೆ ಆ ಪಟ್ಟಿ ಕಟ್ಟುತ್ತಾಳೆ. ಕಟ್ಟಿದ ಮೇಲೆ ಅದು ತ್ಸೇಥರ್, ಬಿಟ್ಟುಕೊಟ್ಟ ಜೀವ. ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಮುದಿಯಾಗಿ ತಾನೇ ಸಾಯುವತನಕ ಸಾಕಬೇಕು. ಆ ಪಟ್ಟಿ ಬಿಚ್ಚಿದ ಕೈಯನ್ನು ನಮ್ಮೂರಲ್ಲಿ ನಾನು ನೋಡಿಲ್ಲ.

ಒಂದು ಪಟ್ಟಿ ಎಳೆದುಕೊಂಡು ಅಂಗಳಕ್ಕೆ ಹೋದೆ. ಬುಲೆಟ್ಟಿನ ಎಡಗಡೆಯ ಕನ್ನಡಿಯ ಕಾಂಡಕ್ಕೆ, ಕಿವಿ ಇದ್ದಿದ್ದರೆ ಇರುತ್ತಿದ್ದ ಜಾಗಕ್ಕೆ, ಬಿಗಿದು ಕಟ್ಟಿದೆ.

ಅಜಂಗ್ ಲಾರಿಯಿಂದ ಇಳಿದು ಬಂದರು. ಬಗ್ಗಿ ಗಂಟನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಅಂದರು, "ಧರ್ಮದ ಜೊತೆ ಆಟ ಆಡ್ತೀಯೇನೋ? ಕಬ್ಬಿಣಕ್ಕೆ ಕಟ್ತಾರಾ ಅದನ್ನ?"

"ನಿಮ್ಮ ಲಾರಿಗೆ ಪೂಜೆ ಮಾಡಿ ಬಿಳಿ ವಸ್ತ್ರ ಹಾಕಿಸ್ತೀರಲ್ಲ, ಅದು ಕಬ್ಬಿಣ ಅಲ್ವಾ, ಹಿಟ್ಟಿಂದ ಮಾಡಿದ್ದಾ?"

"ಬಿಚ್ಚು."

"ನೀವೇ ಬಿಚ್ಚಿ."

ಅವರ ಕೈ ಮೇಲಕ್ಕೆ ಬಂತು. ಪಟ್ಟಿಯ ಹತ್ತಿರ ಬಂದು ನಿಂತಿತು. ಆ ಕೈ ನನ್ನ ಕೆನ್ನೆಗೆ ಎಷ್ಟೋ ಸಲ ಬಿದ್ದಿದೆ, ಹೀಗೆ ನಡುವೆ ನಿಂತದ್ದನ್ನು ನೋಡಿದ್ದು ಅದೇ ಮೊದಲು. ಅವರು, ನನ್ನ ಹಿಂದೆಯೇ ಬಂದು ಮೆಟ್ಟಿಲಲ್ಲಿ ನಿಂತಿದ್ದ ಅಬಿಯ ಕಡೆ ತಿರುಗಿ, "ಅಮ್ಮಾ, ನೀನಾದ್ರೂ ಹೇಳು," ಅಂದರು.

"ನಾನೇನ್ ಹೇಳ್ಲಿ? ಕಟ್ಟಾಯ್ತಲ್ಲ," ಅಂದಳು ಅಬಿ.

ಕತ್ತಲಾಗಿತ್ತು. ಔಷಧಿ ಬೆರೆತ ಪೆಟ್ರೋಲು ಕಾರ್ಬುರೇಟರಿನವರೆಗೆ ಇಳಿಯಬೇಕಾದರೆ ಇಂಜಿನನ್ನು ಸ್ವಲ್ಪ ಹೊತ್ತು ಓಡಿಸಬೇಕು. ಅದನ್ನು ಬೆಳಿಗ್ಗೆ ಮಾಡಿದರಾಯಿತು ಅಂತ ಮಲಗಿದೆ. ಗೆದ್ದವನ ಹಾಗೆ ನಿದ್ದೆ ಬಂತು.

ಬೆಳಿಗ್ಗೆ ಎದ್ದು ಬ್ಯಾಟರಿ ಜೋಡಿಸಿ ಕಿಕ್ ಹೊಡೆದೆ. ಎದ್ದಿತು. ಬುಲೆಟ್ಟು ಬುಲೆಟ್ಟಿನ ಹಾಗೇ ಬಡಿದುಕೊಳ್ಳುತ್ತಿತ್ತು. ಆಮೇಲೆ ಬಡಿತ ತಪ್ಪಿತು. ಮುದುಕ ಕೆಮ್ಮಿದ ಹಾಗೆ ಕೆಮ್ಮಿತು, ಸೈಲೆನ್ಸರಿನಿಂದ ಬಿಳಿ ಹೊಗೆ, ಒಳಗೆ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಸದ್ದು. ಮೂಗಿಗೆ ವಾಸನೆ ಬಂತು. ಟ್ಯಾಂಕಿನ ಮುಚ್ಚಳ ತೆಗೆದು ಬೆರಳು ಅದ್ದಿದೆ. ಬೆರಳು ಜಿಡ್ಡು ಜಿಡ್ಡು. ಸೀಮೆಎಣ್ಣೆ.

ಅಡುಗೆಮನೆಯ ಬಾಗಿಲನ್ನು ಕಾಲಿನಲ್ಲಿ ತಳ್ಳಿಕೊಂಡು ಒಳಗೆ ಹೋದೆ. ಅಜಂಗ್ ಚಹಾದಲ್ಲಿ ಹುರಿಹಿಟ್ಟು ಕಲಸುತ್ತಿದ್ದರು.

"ಪಟ್ಟಿ ಬಿಚ್ಚೋಕೆ ಧೈರ್ಯ ಇಲ್ಲ, ಅದಕ್ಕೆ ವಿಷ ಹಾಕಿದ್ರಿ. ಕುರಿಗಾದ್ರೆ ಎದುರಿಗೆ ನಿಂತು ಕತ್ತಿ ಇಡ್ತೀರಿ. ನನ್ನ ಗಾಡಿಗೆ ಕಳ್ಳನ ಹಾಗೆ ಕತ್ತಲಲ್ಲಿ ಬಂದ್ರಿ. ಗಂಡಸಾ ನೀವು?"

ಅಬಿಯ ಚಕ್ರ ನಿಂತಿತು. ಅಜಂಗ್ ಬಟ್ಟಲು ಕೆಳಗಿಟ್ಟರು. ಹೊಡೆಯುತ್ತಾರೆ ಅಂದುಕೊಂಡು ನಾನೂ ಮುಷ್ಟಿ ಕಟ್ಟಿದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಏನೂ ಅರ್ಥವಾಗದ ಮುಖ.

"ವಿಷ ಯಾವುದೋ? ಔಷಧಿ ಹಾಕಿದೀನಿ."

"ಸೀಮೆಎಣ್ಣೆ ಹಾಕಿದೀರಿ."

"ಹೌದು, ಸೀಮೆಎಣ್ಣೆನೇ. ಚಳಿಗೆ ಇನ್ನೇನ್ ಹಾಕ್ತಾರೆ? ನನ್ನ ಲಾರಿ ಇಷ್ಟು ವರ್ಷ ಕಣಿವೆ ದಾಟಿದ್ದು ಹೇಗೆ, ಮಂತ್ರ ಹೇಳ್ಕೊಂಡಾ? ಚಳಿಗೆ ಡೀಸೆಲ್ ಮೇಣದ ಹಾಗೆ ಕಟ್ಟುತ್ತೆ, ಸೀಮೆಎಣ್ಣೆ ಬೆರೆಸಿದ್ರೆ ಹರಿಯುತ್ತೆ. ನೀನು ಸೊಳ್ಳೆ ಮೂತ್ರದಷ್ಟು ಹಾಕಿದ್ದೆ. ನಾನು ಸರಿಯಾಗಿ ಹಾಕ್ದೆ."

"ಅದು ಡೀಸೆಲ್ಲಿಗೆ ಅಜಂಗ್. ಇದು ಪೆಟ್ರೋಲ್. ಪೆಟ್ರೋಲ್ ಚಳಿಗೆ ಕಟ್ಟಲ್ಲ. ಸೀಮೆಎಣ್ಣೆ ಬೆರೆಸಿದ್ರೆ ಇಂಜಿನ್ ಸಾಯುತ್ತೆ."

ಅವರು ಅಬಿಯ ಮುಖ ನೋಡಿದರು, ಒಲೆ ನೋಡಿದರು.

"ನಿಮಗ್ಯಾಕೆ ಬೇಕಿತ್ತು ಔಷಧಿ ಹಾಕೋದು? ಸಾಯಲಿ ಅಂತಲೇ ಇದ್ರಲ್ಲ," ಅಂದೆ.

"ನೀನು ಪಟ್ಟಿ ಕಟ್ಟಿದೆ," ಅಂದರು ಅಜಂಗ್. ಈಗ ಸಿಟ್ಟು ಬಂತು ಅವರಿಗೆ. "ಕತ್ತೆ, ಪಟ್ಟಿ ಕಟ್ಟಿದ್ದು ನೀನು. ನನ್ನ ಅಂಗಳದಲ್ಲಿ, ನನ್ನ ಅಮ್ಮನ ಎದುರಿಗೆ. ಅದು ಈ ಚಳೀಲಿ ಸತ್ರೆ ಪಾಪ ಯಾರ ತಲೆಗೆ? ಮನೆ ಯಜಮಾನನ ತಲೆಗೆ. ನಾನು ಅಲ್ಲಿ ಕೆಳಗೆ ಮನಾಲೀಲಿ ಕೂತು, ಇಲ್ಲಿ ಇದು ಬದುಕಿದೆಯೋ ಇಲ್ಲವೋ ಅಂತ ಎಣಿಸ್ತಾ ಇರ್ಲಾ? ಅದಕ್ಕೆ ಹಾಕ್ದೆ."

ನನ್ನ ಸಿಟ್ಟು ಇಳಿಯಲಿಲ್ಲ. ಒಳ್ಳೆಯ ಮನಸ್ಸಿನಿಂದ ಇಂಜಿನ್ ಹಾಳಾದರೂ ಇಂಜಿನ್ ಹಾಳೇ.

"ಟ್ಯಾಂಕ್ ಕುತ್ತಿಗೆವರೆಗೆ ತುಂಬಿತ್ತು. ಎಲ್ಲಿ ಹಾಕಿದ್ರಿ?"

"ಸ್ವಲ್ಪ ತೆಗೆದು ಜಾಗ ಮಾಡ್ಕೊಂಡೆ. ತೆಗೆದದ್ದು ಲಾರಿ ಪಕ್ಕ ಕ್ಯಾನಲ್ಲಿದೆ. ಕದ್ದಿಲ್ಲ."

ಟ್ಯಾಂಕು ಪೂರ್ತಿ ಬರಿದು ಮಾಡಿದೆ. ಬಂದದ್ದನ್ನು ನೋಡಿ ಅಬಿ, "ಚೆಲ್ಲಬೇಡ, ಒಲೆಗೆ ಕೊಡು," ಅಂದಳು.

"ಒಲೆಗೆ ಹಾಕಿದ್ರೆ ಒಲೆ ಜೊತೆ ನೀನೂ ಹಾರಿ ಗುಡ್ಡದ ಗೊಂಪಾ ಗುಡಿ ಮೇಲಿರ್ತೀಯ ಅಬಿ."

"ಹತ್ತೋಕೆ ಕಾಲಿಲ್ಲ, ಹಂಗಾದ್ರೂ ದರ್ಶನ ಆಗುತ್ತೆ."

ಅಜಂಗ್ ತೆಗೆದಿಟ್ಟಿದ್ದ ಶುದ್ಧ ಪೆಟ್ರೋಲಿನಲ್ಲಿ ಅರ್ಧ ಹಾಕಿ ಟ್ಯಾಂಕು ತೊಳೆದೆ, ಕಾರ್ಬುರೇಟರು ಬಿಚ್ಚಿ ತೊಳೆದೆ. ಉಳಿದರ್ಧ ಹಾಕಿ ಕಿಕ್ ಹೊಡೆದೆ. ಏಳಲಿಲ್ಲ. ಮತ್ತೆ ಹೊಡೆದೆ. ಚೋಸ್ಫೆಲ್ ಗೋಡೆಯ ಮೇಲಿಂದ ಇಣುಕಿ, "ಏನೋ ಮುಟುಪ್, ತ್ಸೇಥರ್‌ಗೆ ಒದೀತಿದೀಯ, ಪಾಪ ಬರಲ್ವಾ?" ಅಂದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಆಮೇಲೆ ಎದ್ದಿತು. ಹೊಗೆ ಬಿಳಿಯಿಂದ ನೀಲಿಗೆ ತಿರುಗಿ, ತೆಳುವಾಗಿ, ಕಾಣದೆ ಹೋಯಿತು. ಸುತ್ತಿಗೆಯ ಸದ್ದು ನಿಂತಿತು. ಇದ್ದಷ್ಟು ಕುಡಿದು ತಾನೇ ಆರಿತು.

ಈಗ ಟ್ಯಾಂಕು ಖಾಲಿ. ಲೇಹ್‌ನ ಬಸ್ಸಿನವನು ಪೆಟ್ರೋಲ್ ಕ್ಯಾನು ಹಿಡಿದವನನ್ನು ಹತ್ತಿಸುವುದಿಲ್ಲ, ಅಜಂಗ್‌ನ ಲಾರಿ ಹೋಗುವುದು ಎದುರು ದಿಕ್ಕಿಗೆ. ಖಾಲಿ ಟ್ಯಾಂಕು ಅಂದರೆ ತುಕ್ಕು. ಅಜಂಗ್‌ಗೂ ಅಷ್ಟು ಗೊತ್ತು. ಅವರು ಬಾಗಿಲ ಬಳಿ ನಿಂತು ಮೀಸೆ ಎಳೆದುಕೊಂಡರು.

"ಲಾರೀಲಿ ಜಾಗ ಇನ್ನೂ ಖಾಲಿ ಇದೆ," ಅಂದರು. "ಮಾರಲ್ಲ. ಮನಾಲೀಲಿ ಇಟ್ಕೊಂಡು ಬೇಸಿಗೇಲಿ ತರ್ತೀನಿ. ನೀನೂ ಬಾ."

"ಪಾತ್ರೆ ತೊಳೆಯೋಕೆ?"

"ಊಟ ಹಾಕ್ತಾರೆ ಕಣೋ."

"ಇಲ್ಲೂ ಹಾಕ್ತಾರೆ. ನಾನು ಬರಲ್ಲ, ಇದೂ ಬರಲ್ಲ. ತುಂಬಿಸಿ ಇಡೋಕೆ ಆಗದಿದ್ರೆ ಒಣಗಿಸಿ ಇಡ್ತೀನಿ. ಒಳಗೆಲ್ಲ ಇಂಜಿನ್ ಆಯಿಲ್ ಸವರಿದ್ರೆ ತುಕ್ಕು ಹತ್ರ ಬರಲ್ಲ. ನನ್ನ ಹತ್ರ ಆಯಿಲ್ ಮುಗಿದಿದೆ, ಲಾರಿಯದ್ದು ಕೊಡಿ."

"ಬೇಡ್ತಿದೀಯಾ, ಹುಕುಂ ಮಾಡ್ತಿದೀಯಾ?"

"ಕೇಳ್ತಿದೀನಿ."

ಅವರು ಅಬಿಯ ಕಡೆ ಒಮ್ಮೆ ನೋಡಿ, ಲಾರಿ ಡ್ರೈವರುಗಳು ಚೌಕಾಸಿಗೆ ಇಳಿದಾಗ ಮಾಡುವ ಹಾಗೆ ಕಣ್ಣು ಸಣ್ಣ ಮಾಡಿದರು. "ಕೊಡ್ತೀನಿ. ಒಂದು ಮಾತು. ತ್ಸೇಥರ್ ಅಂದ್ಮೇಲೆ ನಾನು ಮಾರಂಗಿಲ್ಲ, ಸರಿ. ನೀನೂ ಮಾರಂಗಿಲ್ಲ. ಯಾವತ್ತೂ. ಹೊಸದು ಬೇಕು ಅನ್ಸಿದ್ರೂ, ಹೊಟ್ಟೆಗಿಲ್ಲದಿದ್ರೂ. ಅಬಿ ಎದುರಿಗೆ ಹೇಳು."

ಅವರು ಮುಟ್ಟಿದ್ದು ಸರಿಯಾದ ಜಾಗವನ್ನೇ. ಒಂದು ಬೇಸಿಗೆ ಓಡಿಸಿ, ಇದನ್ನು ಕೊಟ್ಟು ಹೊಸ ಬೈಕು ತರುವುದು ನನ್ನ ಮನಸ್ಸಿನಲ್ಲಿತ್ತು. ಯಾರಿಗೂ ಹೇಳಿರಲಿಲ್ಲ. ಬಗ್ಗಿ ನೇರವಾದ ಈ ಮುದಿ ಗಾಡಿಯ ಮೇಲೆ ಹೊಸಬರ ಮುಂದೆ ನಿಂತರೆ ಅವರು ನಗುತ್ತಾರೆ, ಅದೂ ಗೊತ್ತು.

ಅಬಿ ಚಕ್ರ ಹಿಡಿದು ಕಾಯುತ್ತಿದ್ದಳು.

"ಮಾರಲ್ಲ," ಅಂದೆ. "ನಗೋರು ನಗಲಿ. ಇದು ಸಾಯೋತನಕ ಇದರ ಮೇಲೇ ಹೋಗ್ತೀನಿ."

ಅಜಂಗ್ ಹೋಗಿ ಆಯಿಲ್ ಡಬ್ಬಿ ತಂದು ನನ್ನ ಕಾಲ ಬಳಿ ಇಟ್ಟರು. "ಕಮ್ಮಿ ಹಾಕ್ಬೇಡ," ಅಂದರು.

"ಎಷ್ಟು ಹಾಕ್ಬೇಕು ಅಂತ ನನಗೆ ಗೊತ್ತು."

"ಗೊತ್ತು, ಗೊತ್ತು. ನಿನಗೆ ಎಲ್ಲಾ ಗೊತ್ತು," ಅಂದು ಕ್ಲೀನರನನ್ನು ಕರೆದು, ಬೈಕಿಗೆ ಬಿಟ್ಟಿದ್ದ ಜಾಗಕ್ಕೆ ಮೂಟೆಗಳನ್ನು ಎಳೆಸಿದರು.

ಲಾರಿ ಹೊರಟಾಗ ನಾನು ಎದ್ದು ನಿಲ್ಲಲಿಲ್ಲ. ಟ್ಯಾಂಕನ್ನು ಕಳಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅವರು ತಿರುವಿನಲ್ಲಿ ಹಾರ್ನ್ ಹೊಡೆದರು, ಬೇಕೆಂದೇ ಉದ್ದಕ್ಕೆ ಹೊಡೆದರು. ಒಳಗೆ ಸುರಿದ ಆಯಿಲ್ ಚಳಿಗೆ ಮಂದವಾಗಿತ್ತು, ಹರಿಯಲು ಸತಾಯಿಸುತ್ತಿತ್ತು. ಟ್ಯಾಂಕನ್ನು ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ, ತಲೆಕೆಳಗು ಮಾಡಿದೆ. ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದು ನೋಡಿದರೆ ಒಳಗೆ ಒಂದು ಮೂಲೆ ಇನ್ನೂ ಒಣಗಿತ್ತು. ಮುಚ್ಚಿ ಮತ್ತೆ ಮಗುಚಿದೆ.